ಸಿಟ್ಯಾಗ್ಸ್ ನೋಟ್ಸ್: ವಿಮ್‌ನಲ್ಲಿ ಫಂಕ್ಷನ್ ಎಲ್ಲಿದೆ ಅಂತ ಹುಡುಕೋದು, ಮತ್ತೆ ಎರಡು ಸೆಮಿಕೋಲನ್ ಗೊಂದಲ

ನಿನ್ನೆ ರಾತ್ರಿಯೆಲ್ಲಾ ಇದರ ಹಿಂದೆ ಬಿದ್ದಿದ್ದೆ, ಮರೆತು ಹೋಗೋ ಮುಂಚೆ ಬರ್ದಿಡ್ತಿದೀನಿ. ವಿಮ್‌ನಲ್ಲಿ ಸಿ ಕೋಡ್ ಓದೋರಿಗೆ ಕೆಲಸಕ್ಕೆ ಬರತ್ತೆ. ವಿಮ್ ಅಂದ್ರೆ ಒಂದು ಟೆಕ್ಸ್ಟ್ ಎಡಿಟರ್, ಸಿಟ್ಯಾಗ್ಸ್ ಅಂದ್ರೆ ಕೋಡಲ್ಲಿ ಯಾವ ಫಂಕ್ಷನ್ ಎಲ್ಲಿದೆ ಅಂತ ಪಟ್ಟಿ ಮಾಡೋ ಪ್ರೋಗ್ರಾಂ.

ಪ್ರಾಜೆಕ್ಟಿನ ಮೇನ್ ಫೋಲ್ಡರಲ್ಲಿ ಸಿಟ್ಯಾಗ್ಸ್‌ನ ಕ್ಯಾಪಿಟಲ್ ಆರ್ ಆಪ್ಷನ್ ಕೊಟ್ಟು ಓಡಿಸಿದ್ರೆ ಒಳಗಿರೋ ಕೋಡೆಲ್ಲಾ ಓದಿ 'ಟ್ಯಾಗ್ಸ್' ಅಂತ ಒಂದು ಫೈಲ್ ಮಾಡತ್ತೆ. ಆಮೇಲೆ ಫಂಕ್ಷನ್ ಹೆಸರಿನ ಮೇಲೆ ಕರ್ಸರ್ ಇಟ್ಟು ಕಂಟ್ರೋಲ್ ಜೊತೆ ] ಒತ್ತಿದ್ರೆ ಅದನ್ನ ಬರೆದಿರೋ ಜಾಗಕ್ಕೆ ಹೋಗ್ತೀವಿ, ಕಂಟ್ರೋಲ್ ಟಿ ಒತ್ತಿದ್ರೆ ವಾಪಸ್. ಹಾಕ್ಕೊಳೋದಾದ್ರೆ ಯೂನಿವರ್ಸಲ್ ಸಿಟ್ಯಾಗ್ಸ್ ಹಾಕ್ಕೊಳಿ, ಎಕ್ಸೂಬರೆಂಟ್ ಸಿಟ್ಯಾಗ್ಸ್ 2009ರ 5.8 ವರ್ಷನ್ನಿಗೇ ನಿಂತೋಗಿದೆ. ಮ್ಯಾಕ್ ಜೊತೆ ಬರೋ ಹಳೇ ಬಿಎಸ್‌ಡಿ ಸಿಟ್ಯಾಗ್ಸ್‌ಗಂತೂ ಆ ಕ್ಯಾಪಿಟಲ್ ಆರ್ ಗೊತ್ತೇ ಇಲ್ಲ.

ಈಗ ನಾನು ಸಿಕ್ಕಾಕ್ಕೊಂಡ ಜಾಗ. ಮೇನ್ ಫೋಲ್ಡರಿಂದ ವಿಮ್ ತೆಗೆದ್ರೆ ಎಲ್ಲಾ ಸರಿ, ಒಳಗಿನ ಸೋರ್ಸ್ ಫೋಲ್ಡರಿಗೆ ಹೋಗಿ ತೆಗೆದ್ರೆ ಇ433 ಎರರ್, ಟ್ಯಾಗ್ಸ್ ಫೈಲೇ ಇಲ್ಲ ಅನ್ನತ್ತೆ. ಫೈಲು ಒಂದೇ ಮೆಟ್ಟಿಲು ಮೇಲಿದೆ! ಸರಿ ಅಂತ ಸೋರ್ಸ್ ಒಳಗೇ ಇನ್ನೊಂದು ಟ್ಯಾಗ್ಸ್ ಫೈಲ್ ಮಾಡ್ದೆ, ಆಗ ಪಕ್ಕದ ಫೋಲ್ಡರಿನ ಫಂಕ್ಷನ್ ಸಿಗ್ದೆ ಇ426 (ಟ್ಯಾಗ್ ಸಿಗಲಿಲ್ಲ) ಎರರ್ ಬಂತು. ಇದು ತಪ್ಪು ದಾರಿ, ಮಾಡ್ಬೇಡಿ.

ವಿಷಯ ಇರೋದು ವಿಮ್‌ನ 'ಟ್ಯಾಗ್ಸ್' ಸೆಟ್ಟಿಂಗಲ್ಲಿ. ಅಲ್ಲಿ ./ಟ್ಯಾಗ್ಸ್ ಅಂದ್ರೆ ಈಗ ತೆಗೆದಿರೋ ಫೈಲ್ ಇರೋ ಫೋಲ್ಡರಲ್ಲಿ ನೋಡು ಅಂತ, ಟರ್ಮಿನಲ್‌ನಲ್ಲಿ ಚುಕ್ಕಿ ಅಂದ್ರೆ ನಾವು ನಿಂತಿರೋ ಫೋಲ್ಡರ್ ಅಲ್ವಾ, ಅದಲ್ಲ ಇದು. ನಿಂತಿರೋ ಫೋಲ್ಡರ್ ಬೇಕಂದ್ರೆ ಬರೀ ಟ್ಯಾಗ್ಸ್ ಅಂತ ಬರೀಬೇಕು. ಇವೆರಡೂ ತಲೆ ಎತ್ತಿ ಮೇಲಿನ ಫೋಲ್ಡರ್ ನೋಡಲ್ಲ. ./ಟ್ಯಾಗ್ಸ್; ಅಂತ ಕೊನೆಗೆ ಸೆಮಿಕೋಲನ್ ಹಾಕಿದ್ರೆ ಮಾತ್ರ ಅಪ್ಪ, ಅಜ್ಜ, ಮುತ್ತಜ್ಜ ಅಂತ ಒಂದೊಂದೇ ಫೋಲ್ಡರ್ ಮೇಲೆ ಹತ್ತಿ ಹುಡುಕತ್ತೆ. ನನ್ನ ಸೆಟ್ಟಿಂಗ್ ಈಗ ./ಟ್ಯಾಗ್ಸ್;,ಟ್ಯಾಗ್ಸ್ (ಟೈಪ್ ಮಾಡ್ವಾಗ ಇಂಗ್ಲಿಷ್ ಅಕ್ಷರ). ವಿಮ್‌ನಿಂದ ಹುಟ್ಟಿದ ನಿಯೋವಿಮ್‌ನಲ್ಲಿ ಇದು ಮೊದಲೇ ಹಾಗಿರತ್ತೆ, ಅದಕ್ಕೇ ಫ್ರೆಂಡ್ ಲ್ಯಾಪ್‌ಟಾಪಲ್ಲಿ ಏನೂ ಮಾಡ್ದೆ ನಡೀತಿತ್ತು.

ಟ್ಯಾಗ್ಸ್ ಫೈಲ್ ಒಳಗೂ ಸೆಮಿಕೋಲನ್ ಇದೆ, ಅದು ಬೇರೆ! ಒಂದು ಸಾಲು ಹೀಗಿರತ್ತೆ:

ಟೋಟಲ್   ಬಿಲ್.ಸಿ   /^ಇಂಟ್ ಟೋಟಲ್(ಇಂಟ್ ಎನ್)$/;"   ಎಫ್

ಹೆಸರು, ಫೈಲು, ಮೂರನೇದು ಹುಡುಕೋ ಪ್ಯಾಟರ್ನ್. ಲೈನ್ ನಂಬರ್ ಯಾಕಿಲ್ಲ ಅಂದ್ರೆ ಮೇಲೆ 20 ಸಾಲು ಸೇರಿಸಿದ್ರೆ ನಂಬರ್ ತಪ್ಪೋಗತ್ತೆ, ಪ್ಯಾಟರ್ನ್ ತಪ್ಪಲ್ಲ. ಆ ;" ಇರೋದು ವಿಮ್‌ಗಿಂತ ಮುಂಚಿನ ಎಡಿಟರ್ ಆದ ಹಳೇ ವಿಐಗೋಸ್ಕರ, ಅದು ಉದ್ಧರಣ ಚಿಹ್ನೆ ಆದ್ಮೇಲಿಂದೆಲ್ಲಾ ಕಾಮೆಂಟ್ ಅಂದ್ಕೊಂಡು ಬಿಟ್ಬಿಡತ್ತೆ, ವಿಮ್ ಮಾತ್ರ ಮುಂದೆ ಓದಿ ಎಫ್ ಅಂದ್ರೆ ಫಂಕ್ಷನ್ ಅಂತ ತಿಳ್ಕೊಳತ್ತೆ. ಫೋಲ್ಡರ್ ಹತ್ತೋದಕ್ಕೂ ಇದಕ್ಕೂ ಸಂಬಂಧ ಇಲ್ಲ, ಎರಡನ್ನೂ ಒಂದೇ ಅಂದ್ಕೊಂಡು ನಾನು ತುಂಬಾ ಹೊತ್ತು ಒದ್ದಾಡ್ದೆ.

ಸಾಲುಗಳು ಅಕ್ಷರದ ಕ್ರಮದಲ್ಲಿರೋದ್ರಿಂದ ಬೈನರಿ ಸರ್ಚ್ (ಪ್ರತಿ ಸಲ ಅರ್ಧ ಸಾಲು ಬಿಟ್ಟು ಹುಡುಕೋದು) ನಡೆಯತ್ತೆ, 1 ಲಕ್ಷ ಸಾಲಿದ್ರೂ ಸುಮಾರು 17 ಸಲ ಹೋಲಿಸಿದ್ರೆ ಸಾಕು. ಕೈಯಾರೆ ಕೊನೆಗೆ ಸಾಲು ಸೇರಿಸ್ಬೇಡಿ, ಕ್ರಮ ಕೆಡತ್ತೆ.

ಒಂದೇ ಹೆಸರಿನ ಸ್ಟ್ಯಾಟಿಕ್ (ಆ ಫೈಲಿಗೆ ಮಾತ್ರ ಸೀಮಿತ) ಫಂಕ್ಷನ್ ನಾಲ್ಕು ಫೈಲಲ್ಲಿದ್ರೆ ಬರೀ ಕಂಟ್ರೋಲ್ ] ಮೊದಲು ಹೊಂದಿದ್ದಕ್ಕೆ ಹೋಗ್ಬಿಡತ್ತೆ. ಅದಕ್ಕೆ ಮುಂಚೆ ಒಂದು ಸಣ್ಣ ಜಿ ಒತ್ತಿ, ಒಂದೇ ಇದ್ರೆ ನೇರ ಹೋಗತ್ತೆ, ಜಾಸ್ತಿ ಇದ್ರೆ ಪಟ್ಟಿ ತೋರ್ಸಿ ಯಾವುದು ಅಂತ ಕೇಳತ್ತೆ. ನಾನೀಗ ಬಳಸೋದು ಇದನ್ನೇ.