ವಿಮಾನ ನಿಲ್ಲಿಸಿದರು, ಚಾನೆಲ್ ಮುಚ್ಚಿ ಅಂದರು

2017ರಲ್ಲಿ ರಂಜಾನ್ ಹಬ್ಬ ಮುಗಿದ ಮರುವಾರ ಬಿ.ಎ. ಕೊನೆಯ ವರ್ಷದ ಹುಡುಗನೊಬ್ಬ ಸ್ಟಾಫ್ ರೂಮಿಗೆ ಬಂದ. ಕೈಯಲ್ಲಿ ಮೊಬೈಲ್, ಅದರಲ್ಲಿ ರದ್ದಾದ ವಿಮಾನದ ಟಿಕೆಟ್. ಅವನ ಅಣ್ಣ ಕತಾರಿನ ದೋಹಾದಲ್ಲಿ ಎಸಿ ಮೆಕ್ಯಾನಿಕ್. ಯುಎಇಯ ಶಾರ್ಜಾ ಮೇಲೆ ಹಾದು ಹೈದರಾಬಾದಿಗೆ, ಅಲ್ಲಿಂದ ಬಸ್ಸಿನಲ್ಲಿ ಕಲಬುರಗಿಗೆ ಬರಬೇಕಿತ್ತು. ಎರಡು ವರ್ಷದ ಮೇಲೆ ಮನೆಯವರ ಜೊತೆ ಹಬ್ಬ ಮಾಡುವ ಆಸೆ. ಅದು ಆಗಲಿಲ್ಲ.

"ಒಂದು ಟಿವಿ ಚಾನೆಲ್ ಸಲುವಾಗಿ ಇಷ್ಟೆಲ್ಲಾ ಯಾಕ್ರೀ ಸರ್?" ಅಂದ.

ನಾನು ರಾಜ್ಯಶಾಸ್ತ್ರ ಪಾಠ ಮಾಡಲು ಹತ್ತಿ ಇಪ್ಪತ್ತೆರಡು ವರ್ಷ ಆಯಿತು. ವಿದೇಶಾಂಗ ನೀತಿಯನ್ನು ಅಷ್ಟು ಹತ್ತಿರದಿಂದ ಯಾರೂ ನನಗೆ ಕೇಳಿರಲಿಲ್ಲ.

ಆ ಜೂನ್ 5ರಂದು ಸೌದಿ, ಯುಎಇ, ಬಹರೇನ್, ಈಜಿಪ್ಟ್ ನಾಲ್ಕೂ ಕತಾರ್ ಜೊತೆ ಸಂಬಂಧ ಕಡಿದುಕೊಂಡವು. ಗಡಿ ಬಂದ್, ಆಕಾಶವೂ ಬಂದ್. ಆಮೇಲೆ 13 ಬೇಡಿಕೆಗಳ ಪಟ್ಟಿ ಕಳಿಸಿದವು. ಅದರಲ್ಲೊಂದು, ಕತಾರಿನ ಸುದ್ದಿ ಚಾನೆಲ್ ಅಲ್ ಜಜೀರಾ ಮುಚ್ಚಬೇಕು. ಚಾನೆಲ್ ಒಂದೇ ಕಾರಣ ಅಲ್ಲ. ಇರಾನ್ ಜೊತೆಗಿನ ನಂಟು, ಟರ್ಕಿಯ ಸೇನಾ ನೆಲೆ ಎಲ್ಲವೂ ಇತ್ತು. ಆದರೂ ಪಕ್ಕದ ದೇಶದ ಸುದ್ದಿಮನೆ ಮುಚ್ಚಿಸಿ ಅಂತ ನಾಲ್ಕು ಸರ್ಕಾರಗಳು ಬರೆದು ಕೊಟ್ಟದ್ದು ಸಣ್ಣ ಮಾತಲ್ಲ. ಕತಾರ್ ಮುಚ್ಚಲಿಲ್ಲ. ರಾಜಿ ಆಗಲು 2021ರ ಜನವರಿ ಬರಬೇಕಾಯಿತು.

ಪತ್ರಕರ್ತರ ಮೇಲೆ ಹಲ್ಲೆಯಾದಾಗ ಬೇರೆ ದೇಶಗಳಿಂದ ಮೊದಲು ಬರುವುದು ಖಂಡನೆಯ ಹೇಳಿಕೆ. ಆಮೇಲೆ ರಾಯಭಾರಿಯನ್ನು ಕರೆಸಿ ಕೇಳುತ್ತಾರೆ. ಇನ್ನೂ ಸಿಟ್ಟು ಇದ್ದರೆ ವೀಸಾ ತಡೆ, ನಿರ್ಬಂಧ. ಮೊದಲ ದಿನದ ಹೇಳಿಕೆ ನೋಡಿ ಏನೂ ತೀರ್ಮಾನ ಮಾಡಬೇಡಿ ಅಂತ ನಾನು ಹುಡುಗರಿಗೆ ಹೇಳುತ್ತೇನೆ. ನಾಲ್ಕು ವರ್ಷ ಕಾದು ನೋಡಿ.

ಜಮಾಲ್ ಖಶೋಗಿ ಅವರ ವಿಷಯ ತೆಗೆದುಕೊಳ್ಳಿ. ಸೌದಿಯವರು, ವಾಷಿಂಗ್ಟನ್ ಪೋಸ್ಟ್‌ಗೆ ಅಂಕಣ ಬರೆಯುತ್ತಿದ್ದರು. 2018ರ ಅಕ್ಟೋಬರ್ 2ರಂದು ಮದುವೆಯ ಕಾಗದಪತ್ರಕ್ಕೆ ಇಸ್ತಾಂಬುಲ್‌ನ ಸೌದಿ ಕಾನ್ಸುಲೇಟ್ ಒಳಗೆ ಹೋದರು. ಮದುವೆಯಾಗಬೇಕಿದ್ದ ಹೆಣ್ಣುಮಗಳು ಹೊರಗೆ ಕಾಯುತ್ತಿದ್ದರು. ಖಶೋಗಿ ಹೊರಗೆ ಬರಲೇ ಇಲ್ಲ. ನೆಲ ಟರ್ಕಿಯದು, ಆದರೆ ಪೊಲೀಸರು ಬಾಗಿಲು ತಳ್ಳಿ ಒಳಗೆ ಹೋಗುವಂತಿಲ್ಲ. 1963ರ ವಿಯೆನ್ನಾ ಒಪ್ಪಂದದ ಪ್ರಕಾರ ಕಾನ್ಸುಲೇಟ್ ಕಚೇರಿಗೆ ಹೋಗಲು ಆ ದೇಶದ ಒಪ್ಪಿಗೆ ಬೇಕು. ಪೊಲೀಸರು ಒಳಗೆ ಕಾಲಿಟ್ಟದ್ದು ಅಕ್ಟೋಬರ್ 15ರ ರಾತ್ರಿ. ಅಷ್ಟು ದಿನದಲ್ಲಿ ಏನೇನು ತೊಳೆದುಹೋಗಿರಬಹುದು, ಯೋಚಿಸಿ.

ಸೌದಿ ಮೊದಲು, ಅವರು ಹೊರಗೆ ಹೋದರು ಅಂತ ಹೇಳಿತು. ಆಮೇಲೆ ಒಳಗೆ ಜಗಳ ಆಗಿ ಸತ್ತರು ಅಂದಿತು. ಕೊನೆಗೆ, ಮೊದಲೇ ಯೋಜಿಸಿದ ಕೊಲೆ ಇರಬಹುದು ಅಂತ ಒಪ್ಪಿತು. ಒಂದೇ ತಿಂಗಳಲ್ಲಿ ಮೂರು ಮಾತು. ರಾಯಭಾರದ ಕೆಲಸವೆಲ್ಲ ನಡೆಯುವುದು ಎದುರಿನವರ ಮಾತಿನ ಮೇಲಿನ ನಂಬಿಕೆಯಿಂದ. ಕೊಲೆ ಹೇಗೂ ಘೋರ. ಅದರ ಜೊತೆ ಹೀಗೆ ಮಾತು ಬದಲಿಸಿದ್ದೂ ಸಂಬಂಧ ಕೆಡಿಸಿತು ಅನ್ನುವುದು ನನ್ನ ಅಭಿಪ್ರಾಯ. ಜರ್ಮನಿ ಶಸ್ತ್ರ ಮಾರುವುದನ್ನು ನಿಲ್ಲಿಸಿತು. ಅಮೆರಿಕ 17 ಸೌದಿಗಳ ಮೇಲೆ ನಿರ್ಬಂಧ ಹಾಕಿತು.

ಈಗ ನಾಲ್ಕು ವರ್ಷ ಮುಂದೆ ಬನ್ನಿ. 2022ರ ಏಪ್ರಿಲ್‌ನಲ್ಲಿ ಟರ್ಕಿಯ ಕೋರ್ಟು ಆ ಮೊಕದ್ದಮೆಯನ್ನೇ ಸೌದಿಗೆ ಒಪ್ಪಿಸಿತು. ಅದೇ ತಿಂಗಳು ಅಧ್ಯಕ್ಷ ಎರ್ಡೋಗನ್ ಸೌದಿಗೆ ಹೋದರು. ಟರ್ಕಿಗೆ ದುಡ್ಡಿನ ಅಡಚಣೆ ಇತ್ತು. ಜುಲೈನಲ್ಲಿ ಅಮೆರಿಕದ ಅಧ್ಯಕ್ಷ ಬೈಡನ್ ಜೆಡ್ಡಾಕ್ಕೆ ಹೋಗಿ ಸೌದಿ ಯುವರಾಜ ಮೊಹಮ್ಮದ್ ಬಿನ್ ಸಲ್ಮಾನ್ ಅವರ ಮುಷ್ಟಿಗೆ ಮುಷ್ಟಿ ತಾಗಿಸಿದರು. ಉಕ್ರೇನ್ ಯುದ್ಧದಿಂದ ತೈಲದ ಬೆಲೆ ಏರಿತ್ತು. ಆ ಫೋಟೊ ನೋಡಿದ ದಿನ ನನಗೆ ಪಾಠ ಮಾಡಲು ಮನಸ್ಸೇ ಬರಲಿಲ್ಲ.

ಬೆಲಾರಸ್ ಮೇಲೆ ಸಿಟ್ಟು ಇಷ್ಟು ಬೇಗ ಇಳಿಯಲಿಲ್ಲ. 2021ರ ಮೇ ತಿಂಗಳಲ್ಲಿ ಅಥೆನ್ಸ್‌ನಿಂದ ವಿಲ್ನಿಯಸ್‌ಗೆ ಹೊರಟಿದ್ದ ವಿಮಾನವನ್ನು ಬಾಂಬ್ ಇದೆ ಅಂತ ಹೇಳಿ ಬೆಲಾರಸ್ ರಾಜಧಾನಿ ಮಿನ್ಸ್ಕ್‌ನಲ್ಲಿ ಇಳಿಸಿ, ರೋಮನ್ ಪ್ರೊತಾಸೆವಿಚ್ ಎಂಬ ಪತ್ರಕರ್ತನನ್ನು ಹಿಡಿದರು. ಐರೋಪ್ಯ ಒಕ್ಕೂಟ ಮರುತಿಂಗಳೇ ಬೆಲಾರಸ್ ವಿಮಾನಗಳಿಗೆ ತನ್ನ ಆಕಾಶ ಮುಚ್ಚಿತು. ವಿಮಾನ ಹೊರಟದ್ದು, ಮುಟ್ಟಬೇಕಿದ್ದದ್ದು ಎರಡೂ ಒಕ್ಕೂಟದ ದೇಶಗಳ ರಾಜಧಾನಿಗಳು. ಬೆಲಾರಸ್ ಬಳಿ ಸೌದಿಯಷ್ಟು ತೈಲವೂ ಇಲ್ಲ, ಅಲ್ವಾ?

ಇವರಿಬ್ಬರ ಹಿಂದೆಯೂ ಕೇಳುವ ದೇಶಗಳಿದ್ದವು. ತನ್ನ ಊರಿನಲ್ಲೇ ಬರೆದು, ತನ್ನ ಊರಿನಲ್ಲೇ ಸಾಯುವವರ ಸಲುವಾಗಿ ಯಾವ ರಾಯಭಾರಿಯನ್ನೂ ಯಾರೂ ಕರೆಸುವುದಿಲ್ಲ. ಅಂಥವರೇ ಜಾಸ್ತಿ.

ನಮ್ಮ ಕಡೆಯದೇ ಹೇಳುತ್ತೇನೆ. ಕಲಬುರಗಿ, ಬೀದರ್, ಯಾದಗಿರಿ ಆಗ ನಿಜಾಮರ ಸಂಸ್ಥಾನದಲ್ಲಿದ್ದವು. 1948ರ ಆಗಸ್ಟ್‌ನಲ್ಲಿ ಹೈದರಾಬಾದಿನ 'ಇಮ್ರೋಜ್' ಉರ್ದು ಪತ್ರಿಕೆಯ ಸಂಪಾದಕ ಶೋಯಬುಲ್ಲಾ ಖಾನ್ ಅವರನ್ನು ನಿಜಾಮರ ಪರ ಇದ್ದ ಖಾಸಗಿ ಪಡೆಯ ರಜಾಕಾರರು ಕೊಂದರು. ಬರೆಯುವ ಕೈ ಕತ್ತರಿಸಿದರು. ಸಂಸ್ಥಾನ ಭಾರತಕ್ಕೆ ಸೇರಲಿ ಅಂತ ಬರೆದದ್ದೇ ಅವರ ತಪ್ಪು. ಅದೇ ತಿಂಗಳು ನಿಜಾಮರ ಸರ್ಕಾರ ಭಾರತದ ಮೇಲೆ ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ದೂರು ಕೊಟ್ಟಿತ್ತು. ಹೊರಗಿನವರ ಮುಂದೆ ನ್ಯಾಯ ಕೇಳುತ್ತಿದ್ದ ರಾಜ್ಯದೊಳಗೆ ಸಂಪಾದಕನೊಬ್ಬ ಹೀಗೆ ಹೆಣವಾಗಿದ್ದ. ಸೆಪ್ಟೆಂಬರ್ 13ಕ್ಕೆ ಭಾರತದ ಸೇನೆ ಬಂತು, 17ಕ್ಕೆ ನಿಜಾಮರು ಶರಣಾದರು. ಈ ಕೊಲೆಯಿಂದಲೇ ಸೇನೆ ಬಂತು ಅನ್ನುವುದು ಸರಿಯಲ್ಲ. ಆದರೆ ಅಂಥ ರಾಜ್ಯದ ದೂರಿಗೆ ಯಾರು ಕಿವಿಗೊಡಬೇಕು?

ಹೋದ ಸೆಪ್ಟೆಂಬರ್ 17ರಂದು ಧ್ವಜ ಹಾರಿಸಿದ ಮೇಲೆ ಶೋಯಬುಲ್ಲಾ ಖಾನ್ ಹೆಸರು ಗೊತ್ತಾ ಅಂತ ಕ್ಲಾಸಿನಲ್ಲಿ ಕೇಳಿದೆ. ಅರವತ್ತು ಮಂದಿಯಲ್ಲಿ ಒಬ್ಬಳು ಕೈ ಎತ್ತಿದಳು. ಆಕೆಯ ಮುತ್ಯಾ ಹೇಳಿದ್ದರಂತೆ.