ಕವಳ ಹಾಕಿದ್ದು ಯಾರ ಇಷ್ಟ?

ಅಡಿಕೆ ಸುಲಿಯುವ ಕಾಲದಲ್ಲಿ ತೀರ್ಥಹಳ್ಳಿ, ಸಾಗರ, ಹೊಸನಗರ ಕಡೆಯ ಯಾವುದಾದರೂ ಮನೆಗೆ ರಾತ್ರಿ ಹೊತ್ತು ಹೋಗಿ ನೋಡಿ. ಮೆಟ್ಟುಗತ್ತಿಯ ಮುಂದೆ ಕೂತವರ ಕೈ ಗಮನಿಸಿ. ರಾಶಿಯಿಂದ ಒಂದು ಕಾಯಿ ಎತ್ತಿಕೊಳ್ಳುತ್ತಾರೆ, ಅಲಗಿಗೆ ಒತ್ತುತ್ತಾರೆ, ಸಿಪ್ಪೆ ಬಿಡಿಸಿ ಬುಟ್ಟಿಗೆ ಹಾಕುತ್ತಾರೆ. ಬಾಯಲ್ಲಿ ಊರಿನ ಸುದ್ದಿ ಓಡುತ್ತಿರುತ್ತದೆ, ಕೈ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿರುತ್ತದೆ. ಅಷ್ಟು ಕಾಯಿಗಳಲ್ಲಿ ಇದನ್ನೇ ಯಾಕೆ ಎತ್ತಿಕೊಂಡಿರಿ ಅಂತ ಕೇಳಿದರೆ ಅವರಿಗೆ ನಗು ಬರುತ್ತದೆ. ಸುಮ್ನೆ ಎತ್ತಿಕೊಂಡೆ, ಅದಕ್ಕೆಲ್ಲ ಕಾರಣ ಇರುತ್ತದಾ?

ಹೀಗೆ ಕಾರಣವಿಲ್ಲದೆ ಮಾಡುವ ಸಣ್ಣ ಸಣ್ಣ ಕೆಲಸಗಳ ಮೇಲೆಯೇ ಮಿದುಳಿನ ವಿಜ್ಞಾನದ ಒಂದು ದೊಡ್ಡ ಜಗಳ ನಿಂತಿದೆ. ನಮ್ಮ ನಿರ್ಧಾರಗಳನ್ನು ನಿಜವಾಗಿಯೂ ನಾವೇ ಮಾಡುತ್ತೇವಾ? ಅಥವಾ ಮಿದುಳು ಮೊದಲೇ ಎಲ್ಲ ಮುಗಿಸಿ, ಆಮೇಲೆ ನಮಗೆ ಸುದ್ದಿ ಮುಟ್ಟಿಸುತ್ತದಾ?

ಜಗಳದ ಬೇರು 1965ರಲ್ಲಿದೆ. ಜರ್ಮನಿಯ ಕಾರ್ನ್‌ಹ್ಯೂಬರ್ ಮತ್ತು ಡೀಕೆ ಎಂಬ ವಿಜ್ಞಾನಿಗಳು ಜನರ ತಲೆಗೆ ತಂತಿ ಅಂಟಿಸಿ ಮಿದುಳಿನ ವಿದ್ಯುತ್ ಅಲೆ ಅಳೆದರು. ಬೆರಳು ಅಲ್ಲಾಡುವುದಕ್ಕೆ ಸಾಕಷ್ಟು ಮೊದಲೇ ಅಲೆ ನಿಧಾನವಾಗಿ ಏರತೊಡಗುವುದು ಕಂಡಿತು. 1983ರಲ್ಲಿ ಅಮೆರಿಕದ ಬೆಂಜಮಿನ್ ಲಿಬೆಟ್ ಇದಕ್ಕೊಂದು ಗಡಿಯಾರ ಸೇರಿಸಿದರು. ಪರದೆಯ ಮೇಲೆ ಒಂದು ಬೆಳಕಿನ ಚುಕ್ಕೆ 2.56 ಸೆಕೆಂಡಿಗೆ ಒಂದು ಸುತ್ತು ಹಾಕುತ್ತಿತ್ತು. ಮುಂದೆ ಕೂತವರಿಗೆ ಹೇಳಿದ್ದು ಇಷ್ಟೇ. ಮನಸ್ಸು ಬಂದಾಗ ಕೈ ಅಲ್ಲಾಡಿಸಿ. ಮನಸ್ಸು ಬಂದ ಗಳಿಗೆಯಲ್ಲಿ ಚುಕ್ಕೆ ಎಲ್ಲಿತ್ತು ಅಂತ ಆಮೇಲೆ ಹೇಳಿ.

ಮಿದುಳಿನ ಅಲೆ ಏರಲು ಶುರುವಾಗಿದ್ದು ಕೈ ಅಲ್ಲಾಡುವ ಸುಮಾರು 0.55 ಸೆಕೆಂಡ್ ಮೊದಲು. ಮನಸ್ಸು ಬಂತು ಅಂತ ಅವರಿಗೆ ಗೊತ್ತಾಗಿದ್ದು ಸುಮಾರು 0.2 ಸೆಕೆಂಡ್ ಮೊದಲು. ಅಂದರೆ ಮಿದುಳಿನ ತಯಾರಿ ಮುಂದೆ, ಮನಸ್ಸಿನ ಅರಿವು ಹಿಂದೆ. 2008ರಲ್ಲಿ ಜರ್ಮನಿಯ ಜಾನ್ ಡೈಲನ್ ಹೇನ್ಸ್ ಅವರ ತಂಡ ಸ್ಕ್ಯಾನಿಂಗ್ ಯಂತ್ರದಲ್ಲಿ ನೋಡಿ, ಎಡಗಡೆ ಗುಂಡಿಯೋ ಬಲಗಡೆ ಗುಂಡಿಯೋ ಅನ್ನುವುದರ ಸುಳಿವು ಏಳು ಸೆಕೆಂಡ್ ಮೊದಲೇ ಸಿಗುತ್ತದೆ ಎಂದಿತು. ಇಚ್ಛಾಸ್ವಾತಂತ್ರ್ಯ ಬರೀ ಭ್ರಮೆ ಅನ್ನುವ ಮಾತು ಜಗತ್ತಿನ ತುಂಬ ಹಬ್ಬಿತು. ಆದರೆ ಆ ಸುಳಿವು ಸರಿಯಾಗುತ್ತಿದ್ದದ್ದು ನೂರಕ್ಕೆ ಅರವತ್ತು ಸಲ ಮಾತ್ರ. ಕಣ್ಣು ಮುಚ್ಚಿ ಹೇಳಿದರೂ ಐವತ್ತು ಸಲ ಸರಿಯಾಗುತ್ತದೆ, ಅಲ್ವಾ?

ಲಿಬೆಟ್ ಪ್ರಯೋಗಕ್ಕೆ ಸಿಕ್ಕ ಅತಿ ಒಳ್ಳೆಯ ಉತ್ತರ ನನ್ನ ಮಟ್ಟಿಗೆ 2012ರದ್ದು. ಆರನ್ ಶರ್ಗರ್ ಮತ್ತು ಸಂಗಡಿಗರು ಕೊಟ್ಟದ್ದು. ಮಿದುಳು ಯಾವತ್ತೂ ಪೂರ್ತಿ ಸುಮ್ಮನಿರುವುದಿಲ್ಲ. ನರಕೋಶಗಳ ಚಟುವಟಿಕೆ ತಾನಾಗಿಯೇ ಏರುತ್ತದೆ, ಇಳಿಯುತ್ತದೆ. ಯಾವ ಕಾರಣವೂ ಇಲ್ಲದೆ ಕೈ ಅಲ್ಲಾಡಿಸಿ ಅಂದಾಗ, ಈ ಏರಿಳಿತ ಒಂದು ಮಟ್ಟ ದಾಟಿದ ಗಳಿಗೆಯಲ್ಲಿ ಕೈ ಅಲ್ಲಾಡುತ್ತದೆ. ಲೆಕ್ಕ ಹಾಕುವವರು ಕೈ ಅಲ್ಲಾಡಿದ ಗಳಿಗೆಯಿಂದ ಹಿಂದಕ್ಕೆ ನೋಡುತ್ತಾರೆ, ಎಷ್ಟೋ ಸಲದ ದಾಖಲೆ ಕೂಡಿಸಿ ಸರಾಸರಿ ತೆಗೆಯುತ್ತಾರೆ. ಮಟ್ಟ ದಾಟಿದ ಸಲಗಳನ್ನೇ ಆರಿಸಿಕೊಂಡ ಮೇಲೆ, ಅದರ ಹಿಂದೆ ನಿಧಾನವಾದ ಏರು ಕಂಡೇ ಕಾಣುತ್ತದೆ. ಆ ಏರನ್ನು ಮಿದುಳು ಗುಟ್ಟಾಗಿ ಮಾಡಿದ ನಿರ್ಧಾರ ಅಂತ ಓದಬೇಕಾಗಿಲ್ಲ. ನಿಜವಾದ ನಿರ್ಧಾರ ಮಟ್ಟ ದಾಟುವಾಗ, ಕೊನೆಯ ಗಳಿಗೆಯಲ್ಲೇ ಆಗುತ್ತಿರಬಹುದು.

ಇನ್ನೂ ಒಂದು ಮಾತಿದೆ. ಕೈ ಅಲ್ಲಾಡಿಸುವುದು, ರಾಶಿಯಿಂದ ಕಾಯಿ ಎತ್ತುವುದು, ಇವೆಲ್ಲ ಯಾವುದನ್ನು ಆರಿಸಿದರೂ ನಡೆಯುವ ಆಯ್ಕೆಗಳು. ತೋಟ ಪಾಲು ಮಾಡುವುದೋ ಬೇಡವೋ, ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬರುವುದೋ ಬೇಡವೋ, ಇವು ಹಾಗಲ್ಲ. 2019ರಲ್ಲಿ ಉರಿ ಮಾವೋಜ್ ಮತ್ತು ಸಂಗಡಿಗರು ಇದನ್ನೇ ಪರೀಕ್ಷಿಸಿದರು. ಎರಡು ಸೇವಾ ಸಂಸ್ಥೆಗಳಲ್ಲಿ ಒಂದನ್ನು ಆರಿಸಬೇಕು. ಕೆಲವು ಸಲ ಆ ಆಯ್ಕೆಯ ಮೇಲೆ 1,000 ಡಾಲರ್ ಯಾರಿಗೆ ಹೋಗುತ್ತದೆ ಅನ್ನುವುದು ನಿಂತಿತ್ತು. ಇನ್ನು ಕೆಲವು ಸಲ ಯಾವುದನ್ನು ಆರಿಸಿದರೂ ಇಬ್ಬರಿಗೂ ಸಮಪಾಲು. ಪರಿಣಾಮವಿಲ್ಲದ ಆಯ್ಕೆಯಲ್ಲಿ ಲಿಬೆಟ್ ಕಂಡ ಅಲೆ ಚೆನ್ನಾಗಿ ಕಂಡಿತು. ಯೋಚಿಸಿ ಮಾಡಿದ ಆಯ್ಕೆಯಲ್ಲಿ ಅದು ಹೆಚ್ಚುಕಡಿಮೆ ಕಾಣಲೇ ಇಲ್ಲ. ಯಾವ ಅಲೆಯನ್ನು ನಂಬಿ ಮನುಷ್ಯನ ಸ್ವಾತಂತ್ರ್ಯವನ್ನೇ ತೆಗೆದುಹಾಕಿದ್ದರೋ, ಆ ಅಲೆ ಈ ಪ್ರಯೋಗದಲ್ಲಿ ಮುಖ್ಯವಾದ ನಿರ್ಧಾರಗಳ ಹತ್ತಿರ ಸುಳಿದದ್ದೇ ಕಡಿಮೆ.

ಹಾಗಂತ ನಾವು ಪೂರ್ತಿ ಸ್ವತಂತ್ರರು ಅಂತ ಬೀಗುವ ಹಾಗೂ ಇಲ್ಲ. ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಕೆಲವು ಮಾತ್ರೆಗಳು ಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕ ಮಾಡುವ ಕೆಲಸವನ್ನು ಮಾಡುತ್ತವೆ. ಅವನ್ನು ತೆಗೆದುಕೊಂಡವರಲ್ಲಿ ಕೆಲವರಿಗೆ, ಜನ್ಮದಲ್ಲಿ ಇಸ್ಪೀಟು ಮುಟ್ಟದವರಿಗೂ, ಜೂಜಿನ ಹುಚ್ಚು ಹಿಡಿದದ್ದು ದಾಖಲಾಗಿದೆ. ಮಾತ್ರೆ ಕಡಿಮೆ ಮಾಡಿದರೆ ಹುಚ್ಚು ಎಷ್ಟೋ ಸಲ ಇಳಿಯುತ್ತದೆ. ಆಡುವಾಗ ಅವರಿಗೆ ಅದು ತಮ್ಮದೇ ಆಸೆ ಅಂತಲೇ ಅನಿಸಿರುತ್ತದೆ. ಇದನ್ನು ಓದಿದ ಮೇಲೆ ಹಾಳಾದವನು, ಚಟಗಾರ ಅಂತ ಯಾರನ್ನಾದರೂ ಬಯ್ಯುವ ಮೊದಲು ನನಗೆ ನಾಲಿಗೆ ತಡೆಯುತ್ತದೆ.

ಅಮೆರಿಕದ ಜೀವವಿಜ್ಞಾನಿ ರಾಬರ್ಟ್ ಸಪೋಲ್ಸ್ಕಿ ಇನ್ನೂ ಮುಂದೆ ಹೋಗುತ್ತಾರೆ. ಹುಟ್ಟಿದ ಮನೆ, ಅಪ್ಪ ಅಮ್ಮನಿಂದ ಬಂದ ಜೀನ್, ಗರ್ಭದಲ್ಲಿದ್ದಾಗಿನ ಪೋಷಣೆ, ಬೆಳೆದ ಊರು, ನಿನ್ನೆ ರಾತ್ರಿಯ ನಿದ್ದೆ, ಎಲ್ಲ ಸೇರಿ ಈ ಗಳಿಗೆಯ ನಿರ್ಧಾರ ಮಾಡುತ್ತವೆ, ನಡುವೆ ಸ್ವಾತಂತ್ರ್ಯಕ್ಕೆ ಜಾಗವೇ ಇಲ್ಲ ಅನ್ನುವುದು ಅವರ ವಾದ. ಕಾರಣಗಳ ಪಟ್ಟಿಯನ್ನು ನಾನು ಒಪ್ಪುತ್ತೇನೆ. ಆದರೆ ಅದನ್ನು ಕೇಳಿದವರು ತಕ್ಷಣ ಹಣೆಬರಹ ಅಂದುಬಿಡುತ್ತಾರೆ. ಅದು ತಪ್ಪು. ಹಣೆಬರಹ ಅಂದರೆ ನೀವು ಏನೇ ಮಾಡಿ, ಆಗುವುದು ಆಗಿಯೇ ತೀರುತ್ತದೆ ಅಂತ. ಕಾರಣ ಅಂದರೆ ನೀವು ಮಾಡುವುದೂ ಲೆಕ್ಕಕ್ಕೆ ಬರುತ್ತದೆ ಅಂತ. ಮಳೆ ನಮ್ಮ ಕೈಯಲ್ಲಿಲ್ಲ, ಅಡಿಕೆಗೆ ಬರುವ ಕೊಳೆರೋಗದ ಸೂಕ್ಷ್ಮಜೀವಿಯೂ ನಮ್ಮ ಮಾತು ಕೇಳುವುದಿಲ್ಲ. ಆದರೂ ಮಳೆ ಹಿಡಿಯುವ ಮೊದಲೇ ಮೈಲುತುತ್ತು ಸುಣ್ಣ ಕಲಸಿ ಬೋರ್ಡೋ ದ್ರಾವಣ ಹೊಡೆದ ತೋಟಕ್ಕೂ ಹೊಡೆಯದ ತೋಟಕ್ಕೂ ವ್ಯತ್ಯಾಸ ಇದ್ದೇ ಇದೆ. ಜಡಿಮಳೆ ಹಿಡಿದ ಮೇಲೆ ದೋಟಿ ಹಿಡಿದು ಓಡಾಡಿದರೆ ಏನೂ ಆಗುವುದಿಲ್ಲ.

ನನ್ನ ನಂಬಿಕೆ ಇರುವುದು ಇಲ್ಲೇ. ಮನುಷ್ಯನ ಸ್ವಾತಂತ್ರ್ಯವನ್ನು ಆಸೆ ಎದ್ದ ಗಳಿಗೆಯಲ್ಲಿ ಹುಡುಕಿದರೆ ಸಿಗುವುದು ಚೂರೇ ಚೂರು. 2016ರಲ್ಲಿ ಬರ್ಲಿನ್ನಿನಲ್ಲಿ ಅದನ್ನು ಅಳೆದೂ ಆಗಿದೆ. ಶುರುವಾದ ಚಲನೆಯನ್ನು ತಡೆಯಲು ಸ್ನಾಯು ಅಲ್ಲಾಡುವ ಸುಮಾರು 0.2 ಸೆಕೆಂಡ್ ಮೊದಲಿನ ತನಕ ಅವಕಾಶವಿದೆ, ಆಮೇಲೆ ಇಲ್ಲ. ಆದರೆ ಅದೇ ಸ್ವಾತಂತ್ರ್ಯವನ್ನು ಆಸೆ ಏಳುವ ಎಷ್ಟೋ ಮೊದಲು ಹುಡುಕಿದರೆ ಜಾಸ್ತಿ ಸಿಗುತ್ತದೆ.

ಕವಳವನ್ನೇ, ಅಂದರೆ ಎಲೆ ಅಡಿಕೆ ಸುಣ್ಣ ಸೇರಿಸಿ ಜಗಿಯುವುದನ್ನೇ ತೆಗೆದುಕೊಳ್ಳಿ. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ರಾಸಾಯನಿಕ, ಮಿದುಳಿನಲ್ಲಿ ತಂಬಾಕಿನ ನಿಕೋಟಿನ್ ಹೋಗಿ ಕೂರುವ ಕೆಲವು ಜಾಗಗಳಲ್ಲೇ ಹೋಗಿ ಕೂರುತ್ತದೆ. ಸುಣ್ಣ ಸೇರಿದರೆ ಬಾಯಿಯ ಒಳಚರ್ಮದಿಂದ ಬೇಗ ರಕ್ತಕ್ಕೆ ಇಳಿಯುತ್ತದೆ. ತಂಬಾಕೂ ಸೇರಿದರೆ ಹೇಳುವುದೇ ಬೇಡ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ತಂಬಾಕಿಲ್ಲದ ಅಡಿಕೆಯನ್ನೂ 2004ರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಅಡಿಕೆಯನ್ನೇ ನಂಬಿ ಮಕ್ಕಳನ್ನು ಓದಿಸಿದ ಊರುಗಳಲ್ಲಿ ಇದನ್ನು ಹೇಳುವುದು ಕಷ್ಟ. ಆದರೂ ಹೇಳಬೇಕು. ಊಟ ಮುಗಿದ ಕೂಡಲೇ ಕೈ ಕವಳದ ತಟ್ಟೆಗೆ ಹೋಗುತ್ತದೆ. ಬಿಡೋಕೆ ಆಗೋದಿಲ್ಲ ಮಾರಾಯ ಅನ್ನುವವರು ಸುಳ್ಳು ಹೇಳುತ್ತಿಲ್ಲ.

ಚಟ ಮಿದುಳಿನಲ್ಲಿ ಎಷ್ಟು ಆಳಕ್ಕೆ ಇಳಿದಿರುತ್ತದೆ ಅನ್ನುವುದು 2007ರ ಒಂದು ಅಧ್ಯಯನದಲ್ಲಿ ಕಂಡಿತು. ದಿನಕ್ಕೆ 40 ಸಿಗರೇಟು ಸೇದುತ್ತಿದ್ದ ಒಬ್ಬ ವ್ಯಕ್ತಿಗೆ ಪಾರ್ಶ್ವವಾಯು ಬಡಿದು, ಮಿದುಳಿನ ಇನ್ಸುಲಾ ಎಂಬ ಭಾಗಕ್ಕೆ ಪೆಟ್ಟಾಯಿತು. ಆಮೇಲೆ ಅವರು ಮತ್ತೆ ಸೇದಲಿಲ್ಲ. ಕಷ್ಟಪಟ್ಟು ಬಿಟ್ಟದ್ದಲ್ಲ. ಸೇದಬೇಕು ಅನ್ನುವುದನ್ನು ದೇಹವೇ ಮರೆತುಬಿಟ್ಟಿತು ಅಂದರು. ಇನ್ಸುಲಾಕ್ಕೆ ಪೆಟ್ಟಾದ 19 ಜನರಲ್ಲಿ 12 ಜನ ಹೀಗೆ ಸಲೀಸಾಗಿ ಬಿಟ್ಟಿದ್ದರು.

ಇದಕ್ಕೆ ಎದುರು ನಿಲ್ಲುವ ಕಥೆ ವಿಯೆಟ್ನಾಂ ಯುದ್ಧದ್ದು. ಅಲ್ಲಿದ್ದ ಅಮೆರಿಕದ ಸಾಮಾನ್ಯ ಸೈನಿಕರಲ್ಲಿ ಸುಮಾರು ಐದರಲ್ಲಿ ಒಬ್ಬರಿಗೆ ಹೆರಾಯಿನ್‌ನಂಥ ಅಫೀಮಿನ ಚಟ ಅಂಟಿತ್ತು. 1971ರಲ್ಲಿ ಊರಿಗೆ ಮರಳಿದವರನ್ನು ಲೀ ರಾಬಿನ್ಸ್ ಎಂಬ ಸಂಶೋಧಕಿ ಹುಡುಕಿ ಮಾತಾಡಿಸಿದರು. ಚಟ ಇದ್ದವರಲ್ಲಿ ಮೊದಲ ವರ್ಷದಲ್ಲಿ ಮತ್ತೆ ಅದಕ್ಕೆ ಬಿದ್ದವರು ನೂರಕ್ಕೆ ಐವರಷ್ಟು ಮಾತ್ರ. ಅವರ ಮಿದುಳಿಗೆ ಯಾವ ಪೆಟ್ಟೂ ಆಗಿರಲಿಲ್ಲ. ಬದಲಾದದ್ದು ಸುತ್ತಮುತ್ತ. ಪಕ್ಕದಲ್ಲಿ ಕೂರುವ ಜನ ಬೇರೆ, ಬೆಳಗಿನ ಕೆಲಸ ಬೇರೆ, ಕೈಗೆ ಸಿಗುವ ವಸ್ತು ಬೇರೆ. ಚಟ ಬಿಡಿಸುವ ಕೇಂದ್ರದಿಂದ ಹೊರಗೆ ಬಂದವರನ್ನು ಅದೇ ಗೆಳೆಯರ ನಡುವೆ, ಅದೇ ಬಸ್ ಸ್ಟ್ಯಾಂಡಿನ ಅದೇ ಗೂಡಂಗಡಿಯ ಮುಂದೆ ಬಿಟ್ಟು, ಮನಸ್ಸು ಗಟ್ಟಿ ಮಾಡ್ಕೋ ಅಂದರೆ ನಾವು ಅವರ ಹತ್ತಿರ ಆ 0.2 ಸೆಕೆಂಡಿನ ಕೆಲಸ ಮಾತ್ರ ಮಾಡಿಸುತ್ತಿದ್ದೇವೆ.

ಆಸೆ ಏಳುವ ಮೊದಲೇ ಕವಳದ ತಟ್ಟೆಯನ್ನು ಜಗಲಿಯಿಂದ ಎತ್ತಿಡುವ ನಿರ್ಧಾರಕ್ಕೂ ಹಿಂದೆ ಕಾರಣ ಇರುತ್ತದಲ್ಲ ಅಂತ ಸಪೋಲ್ಸ್ಕಿ ಕೇಳಬಹುದು. ಇರುತ್ತದೆ. ಕವಳದಿಂದ ಬಾಯಿ ಬಿಗಿದು ಒಳಗೆ ಮೂರು ಬೆರಳು ಹೋಗುವುದಿಲ್ಲ ಅಂತ ಹಲ್ಲಿನ ಡಾಕ್ಟರು ತೋರಿಸಿಕೊಟ್ಟದ್ದು ಒಂದು ಕಾರಣ. ಅಜ್ಜ, ನೀವು ಖಾರ ಯಾಕೆ ತಿನ್ನಲ್ಲ ಅಂತ ಮೊಮ್ಮಗಳು ಕೇಳಿದ್ದು ಇನ್ನೊಂದು ಕಾರಣ. ಅರೆಕೋಲಿನ್ ಒಂದು ಕಾರಣವಾಗಿ ಮಿದುಳನ್ನು ಎಳೆಯುವುದಾದರೆ, ಕೇಳಿಸಿಕೊಂಡ ಮಾತೂ, ಅರ್ಥವಾದ ವಿಷಯವೂ ಅದೇ ಮಿದುಳನ್ನು ಎಳೆಯುತ್ತವೆ. ಹಾಗೆ ಎಳೆಸಿಕೊಳ್ಳುವ ಶಕ್ತಿಯನ್ನೇ ನಾನು ಇಚ್ಛಾಸ್ವಾತಂತ್ರ್ಯ ಅನ್ನುವುದು. ಅದು ಎಲ್ಲರಲ್ಲೂ ಒಂದೇ ಸಮ ಇರುವುದಿಲ್ಲ, ಒಬ್ಬರಲ್ಲೇ ಬೆಳಿಗ್ಗೆ ಇದ್ದಷ್ಟು ರಾತ್ರಿ ಇರುವುದಿಲ್ಲ.