‘ಒರಿಜಿನಲ್’ ಪಿಸ್ತೂಲು: ಅಸಲಿ ಆದರೆ ಸಾಕಾ?

ಹಳೆಯ ಸೇನಾ ಪಿಸ್ತೂಲುಗಳ ಮಾರಾಟದ ವಿವರಣೆಗಳಲ್ಲಿ ಒಂದು ಸಾಲು ಪದೇ ಪದೇ ಕಾಣುತ್ತದೆ: ‘ನೂರಕ್ಕೆ ನೂರು ಒರಿಜಿನಲ್, ಪೂರ್ತಿ ರೀಫರ್ಬಿಶ್ ಆಗಿದೆ.’ ಈ ಎರಡೂ ಒಟ್ಟಿಗೆ ನಿಜವಾಗಲು ಸಾಧ್ಯವಿಲ್ಲ. ಪ್ರಶ್ನೆ ಕೇಳಿದರೆ ‘ಡೂಪ್ಲಿಕೇಟ್ ಅಲ್ಲ ಸ್ವಾಮಿ, ಕಂಪನಿ ಮಾಲೇ’ ಎಂಬ ಉತ್ತರ ಬರುತ್ತದೆ. ಗೊಂದಲ ಹುಟ್ಟುವುದೇ ಇಲ್ಲಿ.

ನಾವು ದಿನಬಳಕೆಯಲ್ಲಿ ಒರಿಜಿನಲ್ ಅಂದರೆ ಅಸಲಿ, ನಕಲಿ ಅಲ್ಲದ್ದು. ‘ಅಸಲಿ’ ಬಂದಿರುವುದು ಅರಬ್ಬಿಯ ‘ಅಸ್ಲ್’ ಎಂಬ ಪದದಿಂದ. ಅಸ್ಲ್ ಅಂದರೆ ಬೇರು, ಬುಡ. ಸಾಲದ ಲೆಕ್ಕದ ಅಸಲು-ಬಡ್ಡಿಯಲ್ಲಿರುವ ಅಸಲೂ ಅದೇ. ‘ಒರಿಜಿನಲ್’ ಬೇರೆ ಕಡೆಯದು. ಲ್ಯಾಟಿನ್‌ನಲ್ಲಿ ಅದರ ಮೂಲದ ಅರ್ಥ ಮೇಲೇಳುವುದು, ಹುಟ್ಟುವುದು. ವಸ್ತುವಿನ ಬುಡ ಯಾವುದು ಎಂಬುದು ಒಂದು ಪ್ರಶ್ನೆ. ಹುಟ್ಟಿದಾಗ ಇದ್ದ ಹಾಗೇ ಇದೆಯಾ ಎಂಬುದು ಇನ್ನೊಂದು. ಸಂಗ್ರಾಹಕರು ಕೇಳುವುದು ಎರಡನೆಯದನ್ನು. 1918ರಲ್ಲಿ ಕೋಲ್ಟ್ ಕಂಪನಿ ಮಾಡಿದ ಪಿಸ್ತೂಲಿಗೆ ಆಮೇಲೆ ಯಾರೋ ಹೊಸದಾಗಿ ಬ್ಲೂಯಿಂಗ್ (ತುಕ್ಕು ತಡೆಯಲು ಉಕ್ಕಿಗೆ ಕೊಡುವ ನೀಲಿಗಪ್ಪು ಬಣ್ಣ) ಕೊಟ್ಟಿದ್ದರೆ ಅದು ಈಗಲೂ ಅಸಲಿಯೇ. ಒರಿಜಿನಲ್ ಮಾತ್ರ ಅಲ್ಲ. ಇಲ್ಲಿ ಒರಿಜಿನಲ್‌ಗೆ ಎದುರು ಪದ ‘ನಕಲಿ’ ಅಲ್ಲ, ‘ಬದಲಾದದ್ದು’.

ಹಾಗಾದರೆ ಸೇನೆಯೇ ರಿಪೇರಿ ಮಾಡಿದ್ದರೆ? ಅಮೆರಿಕದ ಎಂ1911 ಪಿಸ್ತೂಲನ್ನೇ ನೋಡಿ. 1945ರಲ್ಲಿ ಯುದ್ಧಕಾಲದ ಆರ್ಡರುಗಳು ಮುಗಿದವು. ಸೇನೆ ಅದರ ಬದಲಿಗೆ ಇಟಲಿಯ ಬೆರೆಟ್ಟಾ ಕಂಪನಿಯ ಪಿಸ್ತೂಲು ಆರಿಸಿಕೊಂಡದ್ದು 1985ರಲ್ಲಿ. ನಡುವಿನ ನಲವತ್ತು ವರ್ಷ ಹಳೆಯ ಪಿಸ್ತೂಲುಗಳನ್ನೇ ರಿಪೇರಿ ಮಾಡಿಕೊಂಡು ಕೆಲಸ ನಡೆಯಿತು. ಆಗಸ್ಟಾ, ರಾಕ್ ಐಲ್ಯಾಂಡ್, ಆನಿಸ್ಟನ್‌ಗಳಂಥ ಸೇನಾ ಕಾರ್ಯಾಗಾರಗಳಲ್ಲಿ ಅವನ್ನು ರಾಶಿರಾಶಿಯಾಗಿ ಬಿಚ್ಚುತ್ತಿದ್ದರು. ಸವೆದ ಭಾಗ ಎಸೆದು, ಕೈಗೆ ಸಿಕ್ಕ ಒಳ್ಳೆಯ ಭಾಗ ಜೋಡಿಸಿ, ಪಾರ್ಕರೈಸಿಂಗ್ ಎಂಬ ಬೂದು ಲೇಪ ಕೊಟ್ಟು ಕಳಿಸುತ್ತಿದ್ದರು. ಎಷ್ಟೋ ಪಿಸ್ತೂಲುಗಳ ಫ್ರೇಮಿನ (ಹಿಡಿ ಇರುವ ಕೆಳಭಾಗದ) ಮೇಲೆ ಆ ಕಾರ್ಯಾಗಾರದ ಪುಟ್ಟ ಮುದ್ರೆಯೂ ಬಿತ್ತು. ಟೈಪ್‌ರೈಟರ್ ಕಂಪನಿ ರೆಮಿಂಗ್ಟನ್ ರ್ಯಾಂಡ್ 1943ರಲ್ಲಿ ಮಾಡಿದ ಫ್ರೇಮಿನ ಮೇಲೆ ಕೋಲ್ಟ್‌ನ ಸ್ಲೈಡ್ (ಹಿಂದೆ ಮುಂದೆ ಜಾರುವ ಮೇಲ್ಭಾಗ) ಕೂತಿರುವುದು ಹೀಗೆ. ಇಲ್ಲಿ ಮೋಸ ಇಲ್ಲ. ಆದರೆ ಇದು 1943ರ ಒರಿಜಿನಲ್ ಅಲ್ಲ, ‘ಆರ್ಸನಲ್ ರೀಬಿಲ್ಡ್’, ಅಂದರೆ ಸೇನಾ ಕಾರ್ಯಾಗಾರದಲ್ಲಿ ಮತ್ತೆ ಜೋಡಿಸಿದ್ದು. ಅದಕ್ಕೆ ಅದರದೇ ಬೆಲೆ, ಅದರದೇ ಗಿರಾಕಿಗಳು.

ನನಗೆ ನಿಜಕ್ಕೂ ಬೇಸರ ತರಿಸುವುದು ‘ಕರೆಕ್ಟ್’ ಎಂಬ ಪದದ ಆಟ. ಮಾರುವವನು ಇಂಥ ರೀಬಿಲ್ಡ್ ಒಂದನ್ನು ಕೊಳ್ಳುತ್ತಾನೆ. ಕೋಲ್ಟ್ ಸ್ಲೈಡ್ ತೆಗೆದು ರೆಮಿಂಗ್ಟನ್ ರ್ಯಾಂಡ್‌ನ ಸ್ಲೈಡ್ ಹುಡುಕಿ ಹಾಕುತ್ತಾನೆ. ಆ ಕಾಲದ ಬ್ಯಾರೆಲ್, ಆ ಕಾಲದ ಹಿಡಿ ಕೂರಿಸುತ್ತಾನೆ. ಈಗ ಪ್ರತಿ ಭಾಗವೂ ಅಸಲಿ, ಪ್ರತಿ ಭಾಗವೂ ಆ ವರ್ಷಕ್ಕೆ ಸರಿ. ಆದರೂ ಈ ಭಾಗಗಳು ಒಂದು ದಿನವೂ ಒಟ್ಟಿಗೆ ಇದ್ದವಲ್ಲ. ಇದನ್ನು ‘ಕರೆಕ್ಟ್’ ಅನ್ನಬಹುದು, ಒರಿಜಿನಲ್ ಅಂದರೆ ಸುಳ್ಳು. ಆ ಕಾಲದ ಬಹುಪಾಲು ಎಂ1911ಎ1 (ಎಂ1911ರ ಸುಧಾರಿತ ರೂಪ) ಸ್ಲೈಡುಗಳ ಮೇಲೆ ಸೀರಿಯಲ್ ನಂಬರೇ ಇಲ್ಲ. ಹಾಗಾಗಿ ‘ಎಲ್ಲ ನಂಬರೂ ಮ್ಯಾಚಿಂಗ್’ ಎಂದು ಜಾಹೀರಾತು ಕೊಡುವವರು ಏನನ್ನು ಏನಕ್ಕೆ ಹೋಲಿಸಿದರೋ ಕೇಳಲೇಬೇಕು. ಇದಕ್ಕಿಂತ ಮುಟ್ಟದೆ ಬಿಟ್ಟ ರೀಬಿಲ್ಡೇ ಸಾವಿರ ಪಾಲು ಮೇಲು. ಅದರಲ್ಲಿ ನಲವತ್ತು ವರ್ಷದ ಸೇವೆಯ ಗುರುತಾದರೂ ಉಳಿದಿರುತ್ತದೆ.

ನಂಬರಿನ ಮಾತು ಸಲ್ಲುವುದು ಜರ್ಮನಿಯ ಲೂಗರ್ ಪಿ08 ಪಿಸ್ತೂಲಿಗೆ. ಅದರ ಸಣ್ಣ ಸಣ್ಣ ಭಾಗಗಳ ಮೇಲೂ ಸೀರಿಯಲ್ ನಂಬರಿನ ಕೊನೆಯ ಎರಡು ಅಂಕಿ ಇರುತ್ತವೆ. ಬಣ್ಣವೂ ಮಾತಾಡುತ್ತದೆ. ಮೊದಲನೇ ಮಹಾಯುದ್ಧದ ಲೂಗರುಗಳಲ್ಲಿ ಟ್ರಿಗರ್‌ನಂಥ ಕೆಲವು ಸಣ್ಣ ಭಾಗಗಳಿಗೆ ಒಣಹುಲ್ಲಿನ ಹಳದಿ ಬಣ್ಣ ಇರುತ್ತಿತ್ತು. 1917 ಎಂದು ಕೆತ್ತಿದ ಲೂಗರಿನ ಟ್ರಿಗರ್ ಕೂಡ ಪಿಸ್ತೂಲಿನ ಮೈಯ ಹಾಗೇ ಕಪ್ಪಗಿದ್ದರೆ ಅದು ಇನ್ನೊಮ್ಮೆ ಬ್ಲೂಯಿಂಗ್ ಕಂಡಿದೆ ಎಂದು ಅನುಮಾನಿಸಿ. ಎರಡನೇ ಮಹಾಯುದ್ಧದಲ್ಲಿ ಸೋವಿಯತ್ ಸೇನೆ ವಶಪಡಿಸಿಕೊಂಡ ಲೂಗರುಗಳ ಕಥೆ ಇದೇ. ಬಿಚ್ಚಿ, ಭಾಗಗಳು ಅದಲುಬದಲಾಗಿ, ಇಡಿಯಾಗಿ ಕಪ್ಪಾದವು. ಆದರೆ ಒಂದೇ ಪಿಸ್ತೂಲಿನ ಮೇಲೆ 1917 ಮತ್ತು 1920 ಎರಡೂ ಇದ್ದರೆ ಬೆಚ್ಚಬೇಡಿ. 1920 ಎಂಬುದು ಯುದ್ಧ ಸೋತ ಮೇಲೆ ಜರ್ಮನ್ ಸರ್ಕಾರ ತನ್ನ ಸ್ವತ್ತು ಎಂದು ಹಾಕಿದ ಗುರುತು. ‘ಡಬಲ್ ಡೇಟ್’ ಲೂಗರ್ ಎಂದು ಅದನ್ನೇ ಹುಡುಕುವವರಿದ್ದಾರೆ.

ಈ ಎಲ್ಲ ವಾದಕ್ಕೂ ನನ್ನ ಮೆಚ್ಚಿನ ಉದಾಹರಣೆ ಕೋಲ್ಟ್ ಸಿಂಗಲ್ ಆಕ್ಷನ್ ಆರ್ಮಿ. ಪಿಸ್ತೂಲಲ್ಲ, ರಿವಾಲ್ವರ್, ಆದರೂ ಪಾಠ ಒಂದೇ. 1873ರಲ್ಲಿ ಅಮೆರಿಕದ ಸೇನೆಗೆ ಬಂದಾಗ ಅದರ ಬ್ಯಾರೆಲ್ ಏಳೂವರೆ ಇಂಚು. 1890ರ ದಶಕದ ಮಧ್ಯದಿಂದ ಸೇನೆ ಹಳೆಯವನ್ನು ವಾಪಸ್ ತರಿಸಿ, ಬ್ಯಾರೆಲ್ ಐದೂವರೆ ಇಂಚಿಗೆ ಕತ್ತರಿಸಿ, ರಿಪೇರಿ ಮಾಡಿಸಿತು. ಆಗ ಬಹಳಷ್ಟು ರಿವಾಲ್ವರುಗಳ ಭಾಗಗಳು ಅದಲುಬದಲಾಗಿ ನಂಬರುಗಳು ಬೆರೆತುಹೋದವು. ಇವತ್ತು ಇವೇ ‘ಆರ್ಟಿಲರಿ ಮಾಡೆಲ್’. ನಂಬರ್ ಬೆರೆತ ಆರ್ಟಿಲರಿಯನ್ನು ಯಾರೂ ಕೆಟ್ಟದ್ದು ಅನ್ನುವುದಿಲ್ಲ, ಯಾಕೆಂದರೆ ಸೇನೆ ಸೈನಿಕನ ಕೈಗೆ ಕೊಟ್ಟದ್ದೇ ಆ ರೂಪದಲ್ಲಿ. ಅದನ್ನು 1873ರ ಒರಿಜಿನಲ್ ಅಂದರೆ ತಪ್ಪು, ಒರಿಜಿನಲ್ ಆರ್ಟಿಲರಿ ಅಂದರೆ ಸರಿ. ಅದೇ ರಿವಾಲ್ವರಿಗೆ ಈಗ ಒಬ್ಬ ಮಾಲೀಕ ಉದ್ದ ಬ್ಯಾರೆಲ್ ಹಾಕಿಸಿ ‘ಮೂಲ ರೂಪಕ್ಕೆ ತಂದೆ’ ಅಂದರೆ, ಅವನು ಕಳೆದದ್ದೇ ಜಾಸ್ತಿ.

ಹಾಗಾಗಿ ‘ಒರಿಜಿನಲ್ಲಾ?’ ಎಂದು ಸುಮ್ನೆ ಕೇಳಿದರೆ ಸಾಲದು. ಯಾವ ವರ್ಷದ ರೂಪಕ್ಕೆ ಒರಿಜಿನಲ್, ಬದಲಾಯಿಸಿದವರು ಸೇನೆಯವರಾ ಮಾರುವವರಾ ಎಂದು ಕೇಳಿ. ಅಮೆರಿಕದಲ್ಲಿ ಸೇನೆಯ ಉಳಿಕೆ 1911ಗಳನ್ನು ಜನರಿಗೆ ಮಾರುವ ಸಿವಿಲಿಯನ್ ಮಾರ್ಕ್ಸ್‌ಮನ್‌ಶಿಪ್ ಪ್ರೋಗ್ರಾಂ ಅವನ್ನು ಸರ್ವಿಸ್, ಫೀಲ್ಡ್, ರ್ಯಾಕ್ ಮುಂತಾಗಿ ದರ್ಜೆ ಮಾಡುತ್ತದೆ. ಅದು ಪಿಸ್ತೂಲಿನ ಸ್ಥಿತಿಯ ದರ್ಜೆ. ಸರ್ವಿಸ್ ದರ್ಜೆ ಸಿಕ್ಕಿತು ಅಂದಮಾತ್ರಕ್ಕೆ ಅದು ಒರಿಜಿನಲ್ ಎಂದು ಮರುಮಾರಾಟದಲ್ಲಿ ಬರೆಯುವ ಹಾಗಿಲ್ಲ.